ನಿಧಾನದ ಪ್ರತಿ

ಫೆಬ್ರವರಿ 9

ಲಿಫ್ಟ್ ಸಾಹೇಬರಿಗೆ, ಅತ್ತಿಗೆಯಿಂದ.

ಕಾಗದ ಬಂತೆಂದು ಗಾಬರಿಯಾಗಬೇಡ. ಇಲ್ಲಿ ಹೊಸದಾಗಿ ಏನೂ ಕೆಟ್ಟದ್ದು ಆಗಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಈಗ ಫೋನೇ ನಿನ್ನ ಅಣ್ಣನ ಬಾಯಿ. ಗಂಟಲಿನ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆದ ಮೇಲೆ ಹೇಳಬೇಕಾದ್ದನ್ನೆಲ್ಲ ಅದರಲ್ಲಿ ಟೈಪ್ ಮಾಡಿ ನನ್ನ ಮುಖಕ್ಕೆ ಹಿಡಿಯುತ್ತಾರೆ. ಅವರದರ ಚಾರ್ಜು ಮುಗಿದರೆ ನನ್ನದನ್ನು ಕಿತ್ತುಕೊಳ್ಳುತ್ತಾರೆ. ಅವರ ಬಾಯಿಂದಲೇ ಅವರ ಮೇಲಿನ ದೂರು ಹೇಳುವುದು ಹೇಗೆ? ಹಾಗಾಗಿ ಕನ್ನಡಕದಂಗಡಿಯಲ್ಲಿ, ಲೆನ್ಸ್ ಉಜ್ಜುವ ಮಿಷನ್ನಿನ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದದ ಮೇಲೆ ಬಿಳಿ ಪುಡಿ ಇದ್ದರೆ ಊದಿಬಿಡು.

ದೂರು ಒಂದೇ. ಅವರು ಹಾಡು ಕೇಳುವುದನ್ನು ಬಿಟ್ಟಿದ್ದಾರೆ.

ಮದುವೆಯಾದ ಹೊಸದರಲ್ಲಿ ನಿಮ್ಮಿಬ್ಬರ ಆ ಆಲ್ಟರ್ನೇಟಿವ್ ರಾಕ್ ಅಂದರೆ ನನಗೆ ಯಾರೋ ಪಾತ್ರೆಗಳನ್ನೆಲ್ಲ ಮೆಟ್ಟಿಲ ಮೇಲಿಂದ ಉರುಳಿಸಿ, ಆಮೇಲೆ ಯಾಕೆ ಉರುಳಿಸಿದೆನೋ ಎಂದು ಕೊರಗಿದ ಹಾಗೆ ಕೇಳುತ್ತಿತ್ತು. ಈಗ ಆ ಗಲಾಟೆ ಇಲ್ಲದ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ. ಯಾಕೆ ಅಂತ ಕೇಳಿದೆ. ಹೀಗೆ ಟೈಪ್ ಮಾಡಿದರು: "ಸುಮ್ನೆ ಕೂತು ಕೇಳೋದು ನಂಗೆ ಯಾವತ್ತೂ ಬರ್ತಿರಲಿಲ್ಲ. ಬರ್ತಿದ್ದದ್ದು ಜತೆಗೆ ಹಾಡೋದು. ಈಗ್ಲೂ ಹಾಡು ಶುರುವಾದ್ರೆ ಗಂಟಲು ತಾನಾಗೇ ಏಳುತ್ತೆ. ಎದ್ದು ನೋಡಿದ್ರೆ ಅಲ್ಲಿ ಏನೂ ಇಲ್ಲ." ನಾನು ಓದಿ ಮುಗಿಸುತ್ತಿದ್ದ ಹಾಗೇ ಅಳಿಸಿದರು.

ಬ್ರೆಡ್ ವ್ಯಾನ್ ಓಡಿಸಲು ಹೋಗಬಹುದು ಎಂದು ಡಾಕ್ಟರು ಹೇಳಿ ಆಯಿತು. ಇವರು ಒಲ್ಲೆ ಎನ್ನುತ್ತಾರೆ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಆ ವ್ಯಾನಿನಲ್ಲಿ ಅವರು ಮಾಡುತ್ತಿದ್ದದ್ದು ಎರಡೇ ಕೆಲಸ, ಓಡಿಸುವುದು ಮತ್ತು ಹಾಡುವುದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲು ಅವರಿಗೆ ಬರುವುದಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ನೀವಿಬ್ಬರೂ ತಿಂಗಳಿಗೊಮ್ಮೆ ಒಬ್ಬರಿಗೊಬ್ಬರು ಹಾಡು ಕಳಿಸಿಕೊಳ್ಳುತ್ತಿದ್ದಿರಲ್ಲ, ಒಂದು ಹೊಸದು, ಒಂದು ಹಳೆಯದು; ಹೊಸದು ಕೇಳಿ ಮುಗಿಸದೆ ಹಳೆಯದನ್ನು ಮುಟ್ಟುವ ಹಾಗಿಲ್ಲ ಅಂತ. ಆಪರೇಷನ್ ಆದ ಮೇಲೆ ನೀನು ಕಳಿಸಿಲ್ಲ. ಕಳಿಸು. ಅವರಿಗಲ್ಲ, ನನಗೆ, ಅಂಗಡಿಯ ವಿಳಾಸಕ್ಕೆ.

ಆಪರೇಷನ್ ಆದ ಮೇಲೆ ನೀನು ಬರಲೂ ಇಲ್ಲ. ಕೇಳುತ್ತಿಲ್ಲ, ಹೇಳಿದೆ ಅಷ್ಟೆ.

ನಿನ್ನ ಅತ್ತಿಗೆ


ಫೆಬ್ರವರಿ 20

ಅತ್ತಿಗೆ,

ನಿಮ್ಮ ಕಾಗದ ಓದಿ ಊದಿದೆ. ಪುಡಿ ಕಣ್ಣಿಗೆ ಬಿತ್ತು.

ಬರಬೇಕೆಂದೇ ಇದ್ದೇನೆ. ಇಲ್ಲಿ ಹೊಸ ಕಟ್ಟಡವೊಂದಕ್ಕೆ ಎರಡು ಲಿಫ್ಟ್ ಕೂರಿಸುತ್ತಿದ್ದೇವೆ, ರಜೆ ಇಲ್ಲ. ರಜೆ ಸಿಕ್ಕರೂ ರೈಲಿನಲ್ಲಿ ಸೀಟಿಲ್ಲ. ಸೀಟು ಸಿಕ್ಕರೂ, ಹೊರಗಿನಿಂದ ಬಂದವರು ಏನಾದರೂ ಸೋಂಕು ತರುತ್ತಾರಂತೆ, ಇಂಥ ಹೊತ್ತಲ್ಲಿ ಅದು ಒಳ್ಳೆಯದಲ್ಲ.

ಇದರ ಜತೆ ಇರುವ ಪುಟ್ಟ ಪೆನ್‌ಡ್ರೈವಿನಲ್ಲಿ ಎರಡು ಹಾಡು ಹಾಕಿದ್ದೇನೆ. ಹೊಸದು ಮೂವರು ಹುಡುಗಿಯರ ತಂಡದ್ದು, ಬಿಡುಗಡೆಯಾಗಿ ಒಂದು ವಾರ ಆಗಿರಬೇಕು. ಗಿಟಾರಿನ ಒಂದು ತಂತಿ ಸಡಿಲವಾಗಿ ಜಿರ್ರೆನ್ನುತ್ತದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ಡ್ರಮ್ಮಿನವಳು ಮೊದಲ ಚರಣ ಮುಗಿದ ಮೇಲೆ ಬರುತ್ತಾಳೆ, ಕೆಲಸಕ್ಕೆ ತಡವಾಗಿ ಬಂದರೂ ಯಾರ ಮುಖವನ್ನೂ ನೋಡದೆ ಸೀದಾ ತನ್ನ ಜಾಗಕ್ಕೆ ಹೋಗಿ ಕೂರುವವರ ಹಾಗೆ. ನಾನು ಇದನ್ನು ಲಿಫ್ಟ್ ಓಡಾಡುವ ಬಾವಿಯ ತಳದಲ್ಲಿ ಕೂತು ಕೇಳಿದೆ. ಅಲ್ಲಿ ಅವಳ ಒಂದೊಂದು ಏಟೂ ಮೇಲಿನ ಮಹಡಿಗೆ ಹೋಗಿ ವಾಪಸು ಬರುತ್ತದೆ.

ಹಳೆಯದು ನಮ್ಮ ಬೂದು ಕವರಿನ ಆಲ್ಬಮ್ಮಿನ ಎರಡನೆಯ ಹಾಡು. ಆಂಪ್ಲಿಫೈಯರ್ ಕುಂಯ್ ಅನ್ನುವುದರಿಂದ ಶುರುವಾಗುವುದು, ಆಮೇಲೆ ಮೆಲ್ಲಗೆ, ಆಮೇಲೆ ಇದ್ದಕ್ಕಿದ್ದಂತೆ ಸ್ಫೋಟ. ನಿಮಗೂ ಬಾಯಿಪಾಠ ಇರಬೇಕು.

ನಾನು ಕಳಿಸಿದ್ದೆಂದು ಹೇಳಬೇಡಿ. ಅಡುಗೆಮನೆಯಲ್ಲಿ ನಿಮಗೋಸ್ಕರವೇ ಎಂಬಂತೆ ಹಾಕಿ. ಸ್ಫೋಟದ ಹೊತ್ತಿಗೆ ಬಾಗಿಲು ತೆಗೆಯದಿದ್ದರೆ ಅವನು ನನ್ನ ಅಣ್ಣನೇ ಅಲ್ಲ.

ನಿಮ್ಮ ಮೈದುನ


ಮಾರ್ಚ್ 6

ಲಿಫ್ಟ್ ಸಾಹೇಬರಿಗೆ,

ಹೊಸದಕ್ಕೆ ಬಾಗಿಲು ತೆಗೆಯಲಿಲ್ಲ. ಅರೆತೆರೆದಿದ್ದದ್ದನ್ನು ಒಳಗಿನಿಂದ ಇನ್ನೂ ಭದ್ರ ಮಾಡಿಕೊಂಡರು. ನಿನ್ನ ಡ್ರಮ್ಮಿನವಳು ನನಗೆ ಇಷ್ಟವಾದಳು, ಅದು ಬೇರೆ ವಿಷಯ.

ಹಳೆಯದರ ಕುಂಯ್ ಶುರುವಾಯಿತು. ಬಾಗಿಲು ತೆರೆಯಿತು. ನಾನು ಬೆನ್ನು ತಿರುಗಿಸಿ ನಿಂತು ಒಂದೇ ತಟ್ಟೆಯನ್ನು ತೊಳೆಯುತ್ತಲೇ ಇದ್ದೆ. ಹಾಡು ಮಾತಿಗೆ ಬಂತು, ಒಂದು ಸಾಲು ಆಯಿತು, ಎರಡನೆಯದು ಅರ್ಧವಾಯಿತು. ಅವರು ಬಂದು ನಿಲ್ಲಿಸಿಬಿಟ್ಟರು. ಫೋನ್ ನನ್ನ ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದರು.

"ಇದು ಆ ಹಾಡಲ್ಲ."

"ಅಲ್ಲ ಅಂದ್ರೆ? ಮಾತೆಲ್ಲ ಅದೇ ಇದೆಯಲ್ರೀ," ಅಂದೆ.

"ಮಾತು ಅದೇ. ಯಾರೋ ಹಿಡ್ಕೊಂಡು ಎಳ್ದಿದಾರೆ. ಹೆಣ ಹೊತ್ಕೊಂಡು ಹೋಗೋ ಹಾಗಿದೆ. ಯಾರು ಕೊಟ್ಟಿದ್ದು?"

"ಅಂಗಡಿಗೆ ಬಂದಿದ್ರು ಒಬ್ರು."

"ಅವ್ರಿಗೆ ಕನ್ನಡಕ ಮಾರಬೇಡ. ಕಿವಿ ಸಿಗುತ್ತಾ ನೋಡು."

ಎಷ್ಟೋ ದಿನದ ಮೇಲೆ ಒಂದು ಕುಹಕ ಮಾತು ಬಂತು ಅಂತ ಖುಷಿಪಡಬೇಕೋ ಏನೋ. ಆದರೆ ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ಊಟಕ್ಕೂ ಬರಲಿಲ್ಲ. ನಿಜ ಹೇಳಲೇ? ನನಗೂ ಹಾಡು ಎಳೆದ ಹಾಗೇ ಕೇಳಿತು. ಅವರಿಗೆ ಹೇಳಲಿಲ್ಲ. ಅವರ ಕಿವಿಗೂ ಏನೋ ಆಗಿದೆ, ಅವರ ಜತೆ ಇದ್ದೂ ಇದ್ದೂ ನನಗೂ ಹಾಗೇ ಅನಿಸುತ್ತಿದೆ ಅಂದುಕೊಂಡೆ. ಗಂಟಲಿಗೆ ಕೊಟ್ಟ ಕಿರಣಗಳು ಕಿವಿಯನ್ನೂ ಸುಡುತ್ತವೆಯೆ? ಡಾಕ್ಟರನ್ನು ಕೇಳಲು ಧೈರ್ಯವಾಗುತ್ತಿಲ್ಲ. ನೀನು ಬೇರೆ ಯಾವುದೋ ಪ್ರತಿ ಕಳಿಸಿದ್ದೀಯ ಅಂತಾದರೂ ಹೇಳು.

ಅತ್ತಿಗೆ


ಮಾರ್ಚ್ 17

ಅತ್ತಿಗೆ,

ಬೇರೆ ಪ್ರತಿ ಅಂತ ಯಾವುದೂ ಇಲ್ಲ. ಆ ತಂಡ ಬಿಡುಗಡೆ ಮಾಡಿದ್ದೇ ಅದು, ನಾನು ದುಡ್ಡು ಕೊಟ್ಟು ತೆಗೆದುಕೊಂಡದ್ದು. ಇಷ್ಟು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ. ಮೊದಲ ಸಲ ಕೇಳಿದಾಗ ನನಗೂ ನಿಧಾನ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಚಿಕ್ಕವರಿದ್ದಾಗ ಎಲ್ಲವೂ ಜೋರಾಗಿ ಓಡುತ್ತಿತ್ತು, ಈಗ ವಯಸ್ಸಾಯಿತು ಅಂದುಕೊಂಡು ಒಗ್ಗಿಸಿಕೊಂಡೆ. ಅಣ್ಣ ಹೊಸ ಹಾಡುಗಳನ್ನು ಮಾತ್ರ ಫೋನಿನಲ್ಲಿ ಕೇಳುತ್ತಿದ್ದ. ಹಳೆಯದು ಅಂತ ನಾವು ಕಳಿಸಿಕೊಳ್ಳುತ್ತಿದ್ದದ್ದು ಬರೀ ಹೆಸರು; ಅದನ್ನು ಅವನು ಕೇಳುತ್ತಿದ್ದದ್ದು ಮನೆಯ ಟೇಪ್ ರೆಕಾರ್ಡರಿನಲ್ಲಿ, ಅದು ಕೆಟ್ಟ ಮೇಲೆ ಅವನ ಬಾಯಲ್ಲಿ. ಹಾಗಾಗಿ ಅವನಿಗೆ ಈಗ ಹೊಸದಾಗಿ ವಯಸ್ಸಾಗುತ್ತಿದೆ.

ಅಥವಾ ಕಳಿಸಿದ್ದು ನಾನೇ ಅಂತ ಅವನಿಗೆ ಗೊತ್ತಾಗಿದೆ. ಹಾಡಿನ ಮೇಲೆ ಯಾರೂ ಅಷ್ಟು ಸಿಟ್ಟು ಮಾಡಿಕೊಳ್ಳುವುದಿಲ್ಲ ಅತ್ತಿಗೆ.

ಇನ್ನೊಂದು ವಿಷಯ. ಕೇಳುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾವು ನಾಲ್ಕು ಜನ ಸೇರಿ ತಂಡ ಅಂತ ಮಾಡಿಕೊಂಡಿದ್ದೆವಲ್ಲ, ಆಗ ಅಣ್ಣನೇ ಬರೆದ ಒಂದು ಹಾಡನ್ನು ಮನೆಯ ಅದೇ ಟೇಪ್ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಿದ್ದೆವು. ಕ್ಯಾಸೆಟ್ ನನ್ನ ಹತ್ತಿರ ಇದೆ. ಮೊನ್ನೆ ಇಲ್ಲಿ ಒಬ್ಬರ ಬಳಿ ಒಳ್ಳೆಯ ಮಿಷನ್ ಇದೆಯೆಂದು ಗೊತ್ತಾಗಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದೆ. ಎರಡು ಸಾಲು ಕೇಳಿ ನಿಲ್ಲಿಸಿದೆ. ಅದು ಅಣ್ಣನ ಧ್ವನಿ ಅಲ್ಲ. ಯಾರೋ ಭಾರವಾದ ಮನುಷ್ಯ, ವಯಸ್ಸಾದವನು, ಒಂದೊಂದು ಮಾತನ್ನೂ ಎತ್ತಿ ಇಡುತ್ತಿದ್ದಾನೆ. ಟೇಪು ಹಾಳಾಗಿರಬೇಕು. ಆದರೂ ಅವನ ಧ್ವನಿ ಅಂತ ಉಳಿದಿರುವುದು ಅದೊಂದೇ ಜಾಗದಲ್ಲಿ. ಕಳಿಸಲೆ?

ಮೈದುನ


ಮಾರ್ಚ್ 24

ಕಳಿಸಬೇಡ.

ನಿನಗೇ ಎರಡು ಸಾಲು ತಡೆಯಲಾಗಲಿಲ್ಲ. ಅವರಿಗೆ ಇರುವುದು ಒಂದು ನೆನಪು, ಅದನ್ನೂ ಹಾಳಾದ ಟೇಪಿಗೆ ಒಪ್ಪಿಸುವುದು ಬೇಡ.

ಕಳೆದ ಭಾನುವಾರ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು "ಕಸದ ಗಾಡಿಗೆ ಹಾಕು" ಅಂತ ತೋರಿಸಿದರು. ಹಾಕಿದೆ ಅಂದೆ. ಅಂಗಡಿಯಲ್ಲಿ ನನ್ನ ಕಾಲ ಕೆಳಗೆ ಇದೆ.

ಬೇಕರಿಯ ಯಜಮಾನರು ಬಂದಿದ್ದರು. ಒಳ್ಳೆಯ ಮನುಷ್ಯ, ಕುರ್ಚಿಯ ತುದಿಯಲ್ಲೇ ಕೂತರು. ಏಪ್ರಿಲ್ ಮುಗಿಯುವವರೆಗೆ ವ್ಯಾನ್ ಯಾರಿಗೂ ಕೊಡುವುದಿಲ್ಲ, ಆಮೇಲೆ ಕಷ್ಟ ಅಂದರು. ನಿನ್ನ ಅಣ್ಣ "ಬೇರೆಯವ್ರಿಗೆ ಈಗ್ಲೇ ಕೊಡಿ" ಅಂತ ಟೈಪ್ ಮಾಡಿ ತೋರಿಸಿದರು. ಯಜಮಾನರು ಕನ್ನಡಕ ತಂದಿರಲಿಲ್ಲ. ಏನಂತೆ ಅಂತ ನನ್ನನ್ನು ಕೇಳಿದರು. "ಯೋಚ್ನೆ ಮಾಡ್ತೀನಿ ಅಂತಿದಾರೆ" ಅಂದೆ.

ಸದ್ಯ ಏನೂ ಕಳಿಸಬೇಡ.

ಅತ್ತಿಗೆ


ಏಪ್ರಿಲ್ 13

ಅತ್ತಿಗೆ,

ಬೇಡ ಅಂದಿದ್ದೀರಿ. ಏನನ್ನೂ ಕಳಿಸುತ್ತಿಲ್ಲ, ಆದರೆ ಇದನ್ನು ಓದಿ. ನಿಧಾನವಾಗಿ ಓದಿ. ನಾನು ನಿಧಾನವಾಗಿ ಬರೆಯಲು ಪ್ರಯತ್ನ ಮಾಡುತ್ತೇನೆ.

ಕಳೆದ ವಾರ ಒಂದು ಹಳೆಯ ಕಟ್ಟಡದ ಲಿಫ್ಟಿಗೆ ಹೊಸ ರಾಟೆ ಹಾಕಿದೆವು. ಹಗ್ಗಗಳು ಸುತ್ತಿ ಹಾಯುವ ದೊಡ್ಡ ಚಕ್ರ ಅದು. ಮಾರನೆಯ ದಿನವೇ ಮೇಲಿನ ಮಹಡಿಯ ಅಜ್ಜಿಯಿಂದ ದೂರು. ಹೋದೆ.

"ಇದು ನಮ್ಮ ಲಿಫ್ಟಲ್ಲ ಕಣಪ್ಪ."

"ಅದೇ ಲಿಫ್ಟ್ ಅಜ್ಜೀ. ರಾಟೆ ಮಾತ್ರ ಹೊಸದು."

"ನಂಗ್ ಹೇಳ್ಬೇಡ. ಮೊದ್ಲೆಲ್ಲ ಬ್ಯಾಗಲ್ಲಿ ಕೈ ಹಾಕಿ, ತಡಕಾಡಿ, ಬೀಗದ ಕೈ ತೆಗ್ಯೋ ಹೊತ್ತಿಗೆ ಸರಿಯಾಗಿ ಮನೆ ಬರ್ತಿತ್ತು. ಈಗ ಬ್ಯಾಗ್ ಬಾಯಿ ತೆಗ್ಯೋದ್ರೊಳಗೆ ಬಂದ್ಬಿಡುತ್ತೆ. ಯಾರ್ದೋ ಮನೆ ಮುಂದೆ ಇಳಿಸ್ದೆ ಅಂತ ಹೆದರ್ಕೊಂಡೆ."

ಸಮಾಧಾನಕ್ಕೆಂದು ಅಳತೆಯ ಮೀಟರ್ ಇಟ್ಟೆ. ಅಜ್ಜಿ ಹೇಳಿದ್ದೇ ಸರಿ. ಕಂಪನಿ ಕಳಿಸಿದ ರಾಟೆ ಹಳೆಯದಕ್ಕಿಂತ ಒಂದು ಬೆರಳಿನಷ್ಟು ದೊಡ್ಡದು. ರಾಟೆ ದೊಡ್ಡದಾದರೆ ಒಂದು ಸುತ್ತಿಗೆ ಹಗ್ಗ ಹೆಚ್ಚು ಓಡುತ್ತದೆ, ಲಿಫ್ಟ್ ಬೇಗ ಏರುತ್ತದೆ. ಅಲ್ಲೇ, ಮೋಟಾರಿನ ಮುಂದೆ, ಸ್ಪ್ಯಾನರ್ ಹಿಡಿದುಕೊಂಡು ನಿಂತೆ. ಅಜ್ಜಿಯ ಮಾತನ್ನು ನಾನು ಇನ್ನೊಬ್ಬರಿಂದ ಆಗಲೇ ಕೇಳಿದ್ದೆ. ಇದು ಆ ಹಾಡಲ್ಲ.

ನಮ್ಮ ಟೇಪ್ ರೆಕಾರ್ಡರಿನ ಒಳಗೂ ಟೇಪನ್ನು ಓಡಿಸುವ ಒಂದು ರಾಟೆ ಇತ್ತು, ಉಗುರಿನಷ್ಟು ಪುಟ್ಟದು. ನಾವು ಹೈಸ್ಕೂಲಿನಲ್ಲಿದ್ದಾಗ ಅದು ಸೀಳಿತು. ಅಣ್ಣ ಬೇರೆ ಯಾವುದೋ ಕೆಟ್ಟ ಮಿಷನ್ನಿನಿಂದ ಒಂದನ್ನು ಕಿತ್ತು ತಂದು ಕೂರಿಸಿದ. ಕೂತಿತು, ಓಡಿತು, ನಾವು ಕುಣಿದೆವು. "ಈಗ ನೋಡು ಹಾಡಿಗೆ ಜೀವ ಬಂತು" ಅಂದಿದ್ದ. ರಿಪೇರಿ ಮಾಡಿದ ಜಂಬ ಅಂದುಕೊಂಡಿದ್ದೆ. ಅದು ಒಂದು ಎಳ್ಳಿನಷ್ಟು ದೊಡ್ಡದಿದ್ದಿರಬೇಕು ಅತ್ತಿಗೆ. ಆವತ್ತಿನಿಂದ ಆ ಮಿಷನ್ ಎಲ್ಲ ಹಾಡನ್ನೂ ಓಡಿಸಿಕೊಂಡು ಹೋಯಿತು. ನಾವು ಕಲಿತದ್ದೆಲ್ಲ ಆ ಓಟದಲ್ಲಿ. ಗಿಟಾರಿನ ಶ್ರುತಿ ಮಾಡಿದ್ದೂ ಅದಕ್ಕೇ. ನೀವು ಮದುವೆಯಾಗಿ ಬಂದ ಮೇಲೆ ಕೇಳಿದ್ದೂ ಅದನ್ನೇ. ಆ ತಂಡದವರು ನಿಜವಾಗಿ ಹಾಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಅಣ್ಣನ ಕಿವಿಗೆ ಏನೂ ಆಗಿಲ್ಲ. ಇಷ್ಟು ವರ್ಷ ಕಳೆದ ಮೇಲೂ ಒಂದೂವರೆ ಸಾಲಿನಲ್ಲಿ ಹಿಡಿದನಲ್ಲ, ಅದಕ್ಕೆ ಏನನ್ನಬೇಕು?

ಅವನ ಹಾಡೂ ಹಾಗೇ. ಓಡುವ ಮಿಷನ್ನಿನಲ್ಲಿ ರೆಕಾರ್ಡ್ ಆದದ್ದನ್ನು ಸರಿಯಾದ ಮಿಷನ್ನಿನಲ್ಲಿ ಹಾಕಿದರೆ ಅದು ನಡೆಯುತ್ತದೆ, ಧ್ವನಿ ಕೆಳಗಿಳಿಯುತ್ತದೆ. ಟೇಪು ಹಾಳಾಗಿಲ್ಲ. ನಿನ್ನೆ ಕಂಪ್ಯೂಟರಿನಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆ. ಒಂದು ಕಡೆ ಬಂದಾಗ ಅಣ್ಣ ಕೋಣೆಯೊಳಗೆ ಬಂದ. ಬೇರೆ ಹೇಗೆ ಹೇಳಬೇಕೋ ತಿಳಿಯದು.

ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ನಿಮ್ಮ ಮೈದುನ


ಏಪ್ರಿಲ್ 22

ಲಿಫ್ಟ್ ಸಾಹೇಬರಿಗೆ,

ಹೇಳಲಿಲ್ಲ. ನಿನ್ನ ಕಾಗದವನ್ನೇ ಕೈಗೆ ಕೊಟ್ಟು ನಾನು ಬಟ್ಟೆ ಒಣಹಾಕಲು ಹೋದೆ. ನಾನು ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗಾಗುತ್ತದೆ. ಇಂಥ ವಿಷಯ ಕೇಳಬೇಕಾದ್ದು ಅದೇ ಮಿಷನ್ನಿನ ಮುಂದೆ ಕುಣಿದವರಿಂದ.

ವಾಪಸು ಬಂದಾಗ ಅವರ ಭುಜ ಅಲುಗುತ್ತಿತ್ತು. ಖಾಲಿ ಬಕೆಟ್ ಅಲ್ಲೇ ಬಿಟ್ಟೆ. ಹತ್ತಿರ ಹೋದರೆ ನಗುತ್ತಿದ್ದಾರೆ. ನಗು ಈಗ ಬಾಯಿಂದ ಬರುವುದಿಲ್ಲ, ಕುತ್ತಿಗೆಯ ರಂಧ್ರದ ಮೇಲಿನ ಬಟ್ಟೆ ಪಟಪಟ ಹಾರುತ್ತದೆ. "ಆ ರಾಟೆ ಪಕ್ಕದ ಬೀದಿ ದರ್ಜಿಯ ಟೇಪ್ ರೆಕಾರ್ಡರಿಂದು," ಅಂತ ಟೈಪ್ ಮಾಡಿದರು. "ತೊಟ್ಟಿಗೆ ಎಸೆದಿದ್ದ. ಇಷ್ಟು ವರ್ಷ ಅವನ ರಾಟೆಗೆ ಹಾಡಿದ್ದೀನಿ."

ಆಮೇಲೆ ಬೂದು ಕವರಿನ ಹಾಡನ್ನು ಮತ್ತೆ ಹಾಕಲು ಹೇಳಿದರು. ನಿಧಾನದ್ದನ್ನೇ. ಅಂದರೆ ಸರಿಯಾದದ್ದನ್ನೇ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪೂರ್ತಿ ಕೇಳಿದರು. ಎರಡು ಬೆರಳು ಕುತ್ತಿಗೆಯ ಮೇಲೆ ಇಟ್ಟುಕೊಂಡಿದ್ದರು. ಮುಗಿದ ಮೇಲೆ ಬರೆದದ್ದನ್ನು ಅಳಿಸುವ ಮೊದಲೇ ನಾನು ಫೋನ್ ಕಸಿದುಕೊಂಡೆ, ಹಾಗಾಗಿ ಅಕ್ಷರ ಬಿಡದೆ ಇಲ್ಲಿ ಬರೆಯುತ್ತಿದ್ದೇನೆ: "ಗಂಟಲು ಏಳಲಿಲ್ಲ. ಈ ವೇಗ ಅದಕ್ಕೆ ಗೊತ್ತಿಲ್ಲ. ಹಾಡು ಗೊತ್ತು, ಹಾಡೋದು ಗೊತ್ತಿಲ್ಲ. ಇದನ್ನ ಕೂತು ಕೇಳಬಹುದು."

ಸ್ವಲ್ಪ ಹೊತ್ತಿನ ಮೇಲೆ: "ಹಾಗಾದ್ರೆ ಪೆಟ್ಟಿಗೇಲಿದ್ದದ್ದೆಲ್ಲ ಹೊಸ ಹಾಡೇ ಆಯ್ತಲ್ಲ. ಎಸೆದ್ಬಿಟ್ಯಲ್ಲೇ!"

ಕಾಲ ಕೆಳಗಿನ ಪೆಟ್ಟಿಗೆ ಇವತ್ತು ಮನೆಗೆ ಹೋಗುತ್ತದೆ.

ಅವರದೇ ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಕಾಗದದ ಆ ಭಾಗವನ್ನು ಎರಡು ಸಲ ಓದಿದ್ದು ಮಾತ್ರ ನೋಡಿದೆ. ಅವರೇ ನಿನಗೆ ಬರೆಯುತ್ತಾರಂತೆ.

ಅಂದಹಾಗೆ, ಈ ಸಲದ ನಿನ್ನ ಕಾಗದದಲ್ಲಿದ್ದ ಕಟ್ಟಡ ಹಳೆಯದು. ಆ ಹೊಸ ಕಟ್ಟಡದ ಕೆಲಸ ಯಾವಾಗ ಮುಗಿಯಿತು?

ಅತ್ತಿಗೆ


ಏಪ್ರಿಲ್ 23

ಲೋ,

ಪೆನ್ನು ಹಿಡಿದು ಎಷ್ಟು ದಿನವಾಯಿತೋ, ಅಕ್ಷರ ನೋಡಿ ನಗಬೇಡ.

ನೀನು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ನಾನು ಮಾತಾಡದ ಕೋಣೆಯಲ್ಲಿ ಹೇಗೆ ಕೂರುವುದೆಂದು ನಿನಗೆ ಭಯ. ಸ್ವಲ್ಪ ಯೋಚನೆ ಮಾಡು. ನೀನು ನನಗೆ ಯಾವತ್ತು ಮಾತಾಡಲು ಬಿಟ್ಟಿದ್ದೆ? ಹುಟ್ಟಿದಾಗಿನಿಂದ ನೀನು ಮಾತಾಡುವುದು, ನಾನು ತಲೆ ಆಡಿಸುವುದು. ಈಗ ಅದಕ್ಕೆ ಡಾಕ್ಟರ ಚೀಟಿಯೂ ಇದೆ, ಅಷ್ಟೇ ವ್ಯತ್ಯಾಸ.

ಭಯ ನನಗೂ ಇದೆ. ನನ್ನ ಹಾಡಿನ ನಿಧಾನದ ಪ್ರತಿಯನ್ನು ಕೇಳಬಲ್ಲೆ. ನೀನು ಸರಿಮಾಡಿದ್ದನ್ನು ಕೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಒಬ್ಬನೇ ಅಂತೂ ಕೇಳುವುದಿಲ್ಲ. ಎರಡನ್ನೂ ತೆಗೆದುಕೊಂಡು ಬಾ. ನಿನ್ನ ಅತ್ತಿಗೆ ಅಂಗಡಿಯಲ್ಲಿರುವ ಹೊತ್ತಿಗೆ ಬಾ, ಇಲ್ಲವಾದರೆ ಹಾಡು ಬಿಟ್ಟು ನಮ್ಮಿಬ್ಬರ ಮುಖ ನೋಡುತ್ತಾ ಕೂರುತ್ತಾಳೆ.

ಸೋಂಕು ಗೀಂಕು ಅಂತ ಬರೆದಿದ್ದೆಯಂತೆ. ನಾಚಿಕೆಯಾಗಬೇಕು.

ಅಣ್ಣ


ಮೇ 5

ಅತ್ತಿಗೆ,

ನೀವು ಅಂಗಡಿಯಿಂದ ಬರುವಷ್ಟರಲ್ಲಿ ನಾನು ರೈಲು ಹತ್ತಿಯಾಗಿತ್ತು. ಮುಖ ಕೊಟ್ಟು ಮಾತಾಡಲು ಬೇಕಾದ ಧೈರ್ಯವೆಲ್ಲ ಅಣ್ಣನಿಗೇ ಖರ್ಚಾಗಿತ್ತು. ಅವನು ನಿಮಗೆ ಅರ್ಧ ಹೇಳಿರುತ್ತಾನೆ, ಉಳಿದರ್ಧ ಅಳಿಸಿರುತ್ತಾನೆ. ಹಾಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಬಾಗಿಲು ತೆಗೆದ. ಕುತ್ತಿಗೆಯ ಬಟ್ಟೆ ನೋಡಬಾರದೆಂದು ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ನನ್ನ ಗಲ್ಲ ಹಿಡಿದು ತಿರುಗಿಸಿದ. ನೋಡಿದೆ. ಅಷ್ಟಾದ ಮೇಲೆ ಅದು ಮುಗಿಯಿತು. ಆಮೇಲೆ ಒಂದು ಗಂಟೆ ನಾನು ಲಿಫ್ಟಿನ ವಿಷಯ ಕೊರೆದೆ, ಅವನು ತಲೆ ಆಡಿಸಿದ. ಅವನ ಕಾಗದದಲ್ಲಿ ಸುಳ್ಳೇನೂ ಇರಲಿಲ್ಲ.

ನಿಧಾನದ ಪ್ರತಿ ಹಾಕಿದೆ. ಸ್ಟೂಲಿನ ಮೇಲೆ ಕೂತು, ಬೆರಳು ಕುತ್ತಿಗೆಗೆ ಇಟ್ಟು ಕೇಳಿದ. "ಯಾರಿವ್ನು? ಪರವಾಗಿಲ್ಲ ಹಾಡ್ತಾನೆ," ಅಂತ ಟೈಪ್ ಮಾಡಿದ.

"ನೀನೇ ಕಣೋ," ಅಂದೆ.

"ಅಲ್ಲ. ಇವ್ನು ನನಗಿಂತ ದೊಡ್ಡವ್ನು. ಏನೇನೋ ನೋಡಿದಾನೆ."

ಆಮೇಲೆ ಕೈಯಿಂದಲೇ ಸನ್ನೆ ಮಾಡಿದ, ಇನ್ನೊಂದು ಹಾಕು ಅಂತ. ನನ್ನ ಬೆರಳು ಮುಂದೆ ಹೋಗಲಿಲ್ಲ. ಅವನೇ ಎದ್ದು ಒತ್ತಿದ.

ಅತ್ತಿಗೆ, ಮೊದಲ ಮಾತಿಗೇ ಅವನ ಗಂಟಲು ಎದ್ದಿತು. ನಾನು ಕಂಡೆ. ನಿಲ್ಲಿಸಲು ಕೈ ಚಾಚಿದೆ, ನನ್ನ ಕೈಯನ್ನು ಹಿಡಿದು ಅವನ ತೊಡೆಯ ಮೇಲೆ ಒತ್ತಿ ಇಟ್ಟುಕೊಂಡ. ತುಟಿ ಆಡಿತು. ಎರಡನೆಯ ಸಾಲಿಗೆ ಬಾಯಿ ಪೂರ್ತಿ ತೆರೆಯಿತು. ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಉಸಿರು ತೆಗೆದುಕೊಂಡ, ಒಂದನ್ನೂ ತಪ್ಪಿಸಲಿಲ್ಲ. ನಾನು ಕಣ್ಣು ಮುಚ್ಚಿದ್ದರೆ ಅವನು ಹಾಡುತ್ತಿದ್ದಾನೆ ಅನಿಸುತ್ತಿತ್ತು. ಮುಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದೆ, ಆಗಲೂ ಅವನೇ ಹಾಡುತ್ತಿದ್ದ.

ಹಾಡಿನ ನಡುವೆ ಎರಡನೆಯ ಧ್ವನಿ ಸೇರಿಕೊಳ್ಳುವ ಕಡೆ ಬಂತು. ಅದು ನಾನು ಹಾಡಬೇಕಾದ ಭಾಗ. ಟೇಪಿನಲ್ಲಿ ಹದಿನೇಳರ ನಾನು ಆಗಲೇ ಶುರು ಮಾಡಿದ್ದೆ, ಇಲ್ಲಿ ಸುಮ್ಮನೆ ಕೂತಿದ್ದೆ. ಮೊಣಕೈಯಿಂದ ತಿವಿದ. ಮತ್ತೆ ತಿವಿದ. ಹಾಡಿದೆ. ನನ್ನ ಗಂಟಲು ಒಂದು ಕಡೆ, ಶ್ರುತಿ ಇನ್ನೊಂದು ಕಡೆ. ಅದಕ್ಕೆ ಯಾವ ರಾಟೆಯನ್ನೂ ದೂರುವ ಹಾಗಿಲ್ಲ. ಪಕ್ಕದ ಮನೆಯವರು ಗೋಡೆ ಬಡಿದರು.

ಅಣ್ಣ ಹಾಡು ನಿಲ್ಲಿಸದೆ, ಬಾಯಿ ಆಡಿಸುತ್ತಲೇ, ಒಂದು ಕೈಯಲ್ಲಿ ಟೈಪ್ ಮಾಡಿ ತೋರಿಸಿದ: "ಅವರು ಬಡೀತಿರೋದು ನಿನಗೆ. ನನ್ನದು ಅವರಿಗೆ ಕೇಳಲ್ಲ."

ಆಮೇಲೆ ವಾಲ್ಯೂಮ್ ಪೂರ್ತಿ ಏರಿಸಿದ.

ನಿಮ್ಮ ಮೈದುನ